ಬೆಚ್ಚಗಿನ ಹಲಗೆ

ನಾನು ಬೇಲಿ ಮಾರುವವನು. ಪಿವಿಸಿ ಬೇಲಿ. ಗೆದ್ದಲು ಹಿಡಿಯುವುದಿಲ್ಲ, ತುಕ್ಕು ಬರುವುದಿಲ್ಲ, ವರ್ಷ ವರ್ಷ ಬಣ್ಣ ಬಳಿಯುವ ಪೀಡೆಯಿಲ್ಲ, ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಈ ಮಾತನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಗಿರಾಕಿಗಳಲ್ಲಿ ನಾನು ಕಂಡಿದ್ದು ಎರಡೇ ಬಗೆ: ಬೇಕು ಅನ್ನುವವರು, ಬೇಡ ಅನ್ನುವವರು. ಚಿಕ್ಕ ಇಸ್ತ್ರಿ ಎಂಬ ಗಿರಾಕಿ ಎರಡರಲ್ಲೂ ಸೇರಲಿಲ್ಲ. ಅವನನ್ನು ನೆನೆದರೆ ಇವತ್ತಿಗೂ ಮೊದಲು ಸಿಟ್ಟು ಬರುತ್ತದೆ, ಅದರ ಬೆನ್ನಿಗೇ ಭಯವೂ ಬರುತ್ತದೆ.

ಅವನಿದ್ದ ರಸ್ತೆಯಲ್ಲಿ ಅಣ್ಣತಮ್ಮಂದಿರಿಬ್ಬರು ಬಟ್ಟೆಗೆ ಇಸ್ತ್ರಿ ಹಾಕಿ ಬದುಕುತ್ತಿದ್ದರು. ಜನರ ಬಾಯಲ್ಲಿ ಅಣ್ಣ ದೊಡ್ಡ ಇಸ್ತ್ರಿ, ತಮ್ಮ ಚಿಕ್ಕ ಇಸ್ತ್ರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎದುರುಬದುರು ಎರಡು ಮೇಜು, ಎರಡು ಇಸ್ತ್ರಿಪೆಟ್ಟಿಗೆ. ದೊಡ್ಡವನಿಗೆ ಬಾಯಿ ಜಾಸ್ತಿ, ಕೈ ನಿಧಾನ. ಚಿಕ್ಕವನಿಗೆ ಕೈಯೇ ಬಾಯಿ. ದಿನವಿಡೀ ನಿಂತೇ ಇರುತ್ತಿದ್ದ. ಊಟಕ್ಕೆ ಕೂತಾಗಲೂ ಮಂಡಿ ಮಡಚಲು ಒಂದು ಗಳಿಗೆ ಯೋಚಿಸುತ್ತಿದ್ದ. ಮಡಚಿಟ್ಟ ಅಂಗಿಯ ಮೇಲೆ ಅಂಗೈಯಿಟ್ಟು, ಇದು ಈಗಷ್ಟೇ ಆಗಿದ್ದು, ಇದು ಊಟಕ್ಕೆ ಮುಂಚಿನದು ಎಂದು ಹೇಳಿಬಿಡುತ್ತಿದ್ದ. ಅಣ್ಣನ ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಸುಟ್ಟು ಕೊಕ್ಕೆಯ ಹಾಗೆ ಮಡಚಿಕೊಂಡಿತ್ತು, ಬಿಚ್ಚುತ್ತಲೇ ಇರಲಿಲ್ಲ. ಆ ಬೆರಳು ತೋರಿಸಿ ಬೀದಿಯ ಮಕ್ಕಳನ್ನೆಲ್ಲ ನಗಿಸುತ್ತಿದ್ದ.

ಬಾಯಿ ಜಾಸ್ತಿಯಾದ್ದರಿಂದಲೇ ಅನಾಹುತವಾಯಿತು. ಒಂದು ದಿನ ಗಿರಾಕಿಗಳ ಜೊತೆ ಹರಟುತ್ತ ದೊಡ್ಡವನು ಯಾರದೋ ಮದುವೆಯ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಮರೆತು, ಕೋಟಿನ ಬೆನ್ನು ಸುಟ್ಟುಹಾಕಿದ. ಒಳಗಿನಿಂದ ಬಂದ ತಮ್ಮನ ಹೆಂಡತಿ ಅಷ್ಟೂ ಜನರೆದುರಿಗೆ, ಭಾವನ ಕೈ ಬಿದ್ದ ಬಟ್ಟೆ ಉಳಿಯುವುದಿಲ್ಲ ಎಂದಳು. ತಮ್ಮ ತಲೆ ಎತ್ತಲಿಲ್ಲ. ದೊಡ್ಡವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಚಪ್ಪಲಿ ಮೆಟ್ಟಿ, ಗೇಟು ದಾಟಿ ಹೊರಗೆ ನಿಂತು ಹೇಳಿದನಂತೆ:

"ಈ ಬೇಲಿ ಇರೋ ತನಕ ನಾನು ಒಳಗೆ ಕಾಲಿಡಲ್ಲ."

ಮಾತಿಗೆ ತಪ್ಪಲಿಲ್ಲ. ಬೀದಿಯ ಕೊನೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದ. ಆದರೆ ರಕ್ತಸಂಬಂಧ ಬಿಡುತ್ತದೆಯೇ? ದಿನಾ ಸಂಜೆ ಬಂದು, ಮನೆಯ ನೆರಳು ಬೀಳುವ ಪಕ್ಕದಲ್ಲಿ, ಮರದ ಬೇಲಿಯ ಹೊರಗೆ, ಒಂದೇ ಹಲಗೆಯ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದ. ತಮ್ಮ ಒಳಗೆ ನಿಲ್ಲುತ್ತಿದ್ದ. ಇವತ್ತು ಎಷ್ಟು ಬಟ್ಟೆ, ಗಂಜಿ ಸರಿಯಾಗಿ ಕೂತಿತಾ, ಮಂಡಿನೋವು ಹೇಗಿದೆ, ಇಷ್ಟೇ ಮಾತು. ತಮ್ಮನ ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು, ಒಳಗೆ ಬನ್ನಿ ಅನ್ನಲಿಲ್ಲ. ಅನ್ನಬೇಕು ಎಂದುಕೊಳ್ಳುವಷ್ಟರಲ್ಲಿ ವರ್ಷಗಳು ಕಳೆದವು. ಆಮೇಲೆ ದೊಡ್ಡ ಇಸ್ತ್ರಿ ಎದೆನೋವೆಂದು ಆಸ್ಪತ್ರೆ ಸೇರಿದವನು ಹಿಂದಿರುಗಲಿಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ಚಿಕ್ಕ ಇಸ್ತ್ರಿಯ ಹೆಂಡತಿ ನನ್ನ ಅಂಗಡಿಗೆ ಬಂದ ಮೇಲೆ. ನಾನು ಮಾದರಿ ಹಲಗೆ ತೆಗೆದು ನನ್ನ ಪಾಠ ಶುರುಮಾಡಿದೆ. ಆಕೆ ಕೈಯೆತ್ತಿ ನಿಲ್ಲಿಸಿದಳು. ಅದೆಲ್ಲ ಬೇಡ, ಹಳೆಯದನ್ನು ಕಿತ್ತುಹಾಕುತ್ತೀರಾ, ಅಷ್ಟು ಹೇಳಿ ಎಂದಳು. ಯಾಕಕ್ಕಾ, ಗೆದ್ದಲಾ ಎಂದೆ. ಆಕೆ ನನ್ನ ಮುಖ ನೋಡದೆ ಹೇಳಿದಳು.

"ಭಾವ ಹೋದ ಮಾರನೇ ಸಂಜೆಯಿಂದ ಆ ಹಲಗೆ ಬೆಚ್ಚಗಿರುತ್ತೆ. ಒಂದು ಕೈಯಗಲ. ಇವರು ದಿನಾ ಹೋಗಿ ಅಲ್ಲಿ ನಿಂತು ಮಾತಾಡ್ತಾರೆ."

ಹುಚ್ಚು ಹೆಂಗಸು ಎಂದು ಮನಸ್ಸಿನಲ್ಲೇ ಅಂದುಕೊಂಡು, ಅಳತೆ ತೆಗೆಯಲು ಹೋದೆ. ವ್ಯಾಪಾರ ವ್ಯಾಪಾರವೇ.

ಚಿಕ್ಕ ಇಸ್ತ್ರಿ ನನ್ನ ಪ್ರಶ್ನೆಗಳಿಗೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರಿಸಿದ. ಬಿಳಿ ಬಣ್ಣವಾ, ಕಂದು ಬಣ್ಣವಾ? ಯಾವುದಾದರೂ ಸರಿ. ಗೇಟು ಬದಲಿಸೋಣವಾ? ನೋಡೋಣ. ನನ್ನ ತಾಳ್ಮೆ ಕೆಟ್ಟು, ಬೇಲಿ ಬೇಕಾ ಬೇಡವಾ ಹೇಳಿಬಿಡಿ ಎಂದೆ. ಅವನು ನನ್ನನ್ನು ಮನೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಸಂಜೆಯಾಗಿತ್ತು. ಬೇಲಿ ನಿಜಕ್ಕೂ ಹಾಳಾಗಿತ್ತು. ಕಂಬಗಳು ಓಲಾಡುತ್ತಿದ್ದವು, ಹಲಗೆಗಳ ಬುಡ ಪುಡಿಯಾಗಿ ಉದುರುತ್ತಿತ್ತು. ಒಂದು ಹಲಗೆ ಮಾತ್ರ, ಎದೆಯೆತ್ತರದಲ್ಲಿ, ಕೈ ಆಡಿ ಆಡಿ ನುಣುಪಾಗಿತ್ತು. ಮುಟ್ಟಿ ಎಂದ.

ಅಕ್ಕಪಕ್ಕದ ಹಲಗೆಗಳು ಮಣ್ಣಿನ ತಂಪಿನಲ್ಲಿ ತಣ್ಣಗಿದ್ದವು. ಇದು ಬೆಚ್ಚಗಿತ್ತು. ಯಾರೋ ಕೂತು ಎದ್ದುಹೋದ ಕುರ್ಚಿಯ ಬಿಸಿ ಇರುತ್ತದಲ್ಲ, ಹಾಗೆ. ಬೇಲಿಯ ಆಚೆ ಬಗ್ಗಿ ನೋಡಿದೆ. ಖಾಲಿ ಓಣಿ. ಗೋಡೆಯಲ್ಲಿ ಬಿಸಿನೀರಿನ ಪೈಪು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಬಿಸಿಲು ಅಲ್ಲಿಗೆ ಬರುವ ಹಾಗೆಯೇ ಇರಲಿಲ್ಲ.

"ಈಗಷ್ಟೇ ಕೈ ತೆಗೆದಿದ್ದಾನೆ," ಎಂದ ಚಿಕ್ಕ ಇಸ್ತ್ರಿ. "ನೀವು ಬಂದಿರಲ್ಲ, ಅದಕ್ಕೆ."

ಆ ಹಲಗೆಯೊಂದನ್ನು ಉಳಿಸಿ ಉಳಿದದ್ದಕ್ಕೆ ಪಿವಿಸಿ ಹಾಕೋಣ ಎಂದು ನಾನು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹೇಳಿದೆ. ಆಕೆ ಒಪ್ಪಲಿಲ್ಲ. ಸಂಜೆಯಾದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ, ಕಣ್ಣು ಮುಚ್ಚಿದರೆ ಆ ಕೈಯೇ ಕಾಣುತ್ತದೆ, ಬೇಲಿ ಇರುತ್ತದೆ ಇಲ್ಲವೇ ನಾನಿರುತ್ತೇನೆ ಎಂದಳು. ಅವಳ ಬಟ್ಟೆಯ ಗಂಟು ಬಾಗಿಲ ಹಿಂದೆ ಸಿದ್ಧವಾಗಿತ್ತು. ಗಂಡ ಅದನ್ನು ನೋಡಿದ, ಆಮೇಲೆ ಹಲಗೆಯ ಕಡೆ ನೋಡಿದ. ಅಣ್ಣನಿಗೆ ಕೈಯಿಡಲು ಇದೊಂದೇ ಜಾಗ ಉಳಿದಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ನನಗೆ ಅವನ ಮೇಲೆ ಬಹಳ ಮರುಕ ಹುಟ್ಟಿತು.

"ಹಾಕಿಬಿಡಿ," ಎಂದ ಕೊನೆಗೆ. "ಬದುಕಿರೋರ ಮಾತು ಮೊದಲು ಕೇಳಬೇಕು."

ಹೊಸ ಬೇಲಿ ಹಲ್ಲಿನಷ್ಟು ಬೆಳ್ಳಗೆ ಎದ್ದುನಿಂತಿತು. ಹಳೆಯ ಹಲಗೆಗಳಲ್ಲಿ ಗೆದ್ದಲಿದ್ದುದರಿಂದ ಪಕ್ಕದ ಖಾಲಿ ಸೈಟಿನಲ್ಲಿ ರಾಶಿ ಹಾಕಿ ಬೆಂಕಿಯಿಟ್ಟೆ. ಆ ಹಲಗೆಯೂ ಉಳಿದವುಗಳಂತೆಯೇ ಉರಿದು ಬೂದಿಯಾಯಿತು. ಹೊರಡುವಾಗ ನನ್ನ ವಾಡಿಕೆಯ ಎಚ್ಚರಿಕೆ ಹೇಳಿದೆ: ಮಳೆ, ಹುಳ, ಗಾಳಿ, ಯಾವುದಕ್ಕೂ ಇದು ಜಗ್ಗುವುದಿಲ್ಲ, ಬಿಸಿ ಮಾತ್ರ ತಾಗಬಾರದು, ಮೆತ್ತಗಾಗಿ ಗುರುತು ಬೀಳುತ್ತದೆ, ಅದಕ್ಕೆ ಗ್ಯಾರಂಟಿ ಇಲ್ಲ.

ಕೆಲವು ದಿನ ಕಳೆದು ಆ ದಾರಿಯಲ್ಲಿ ಹೋದಾಗ ಆಕೆ ನಗುತ್ತ ಕರೆದು ಟೀ ಕೊಟ್ಟಳು. ಮುಖ ತುಂಬಿಕೊಂಡಿತ್ತು. ಚಿಕ್ಕ ಇಸ್ತ್ರಿ ಮಾತ್ರ ಸೊರಗಿದ್ದ. ಸಂಜೆ ಬೇಲಿಯ ಹತ್ತಿರ ಹೋಗಿ, ಹಲಗೆ ಹಲಗೆಯನ್ನೂ ಸವರಿ, ಎಲ್ಲಾ ತಣ್ಣಗಿದೆ ಎಂದು ತನಗೆ ತಾನೇ ಹೇಳಿಕೊಂಡು ಬರುತ್ತಿದ್ದನಂತೆ. ಆ ವಾರ ಜೀವಮಾನದಲ್ಲೇ ಮೊದಲ ಸಲ ಒಂದು ಅಂಗಿ ಸುಟ್ಟಿದ್ದ. ನನಗೆ ಟೀ ರುಚಿಸಲಿಲ್ಲ.

ಇನ್ನೊಂದಷ್ಟು ದಿನಕ್ಕೆ ಆಕೆಯ ಫೋನು ಬಂತು. ಬೇಲಿ ಹಾಳಾಗಿದೆ, ಬೇಗ ಬನ್ನಿ ಎಂದಳು. ಇಸ್ತ್ರಿಪೆಟ್ಟಿಗೆ ತಾಗಿಸಿರಬೇಕು, ಈಗ ಗ್ಯಾರಂಟಿ ಕೇಳುತ್ತಾರೆ ಎಂದು ಗೊಣಗುತ್ತಲೇ ಹೋದೆ.

ಅದೇ ಜಾಗ, ಎದೆಯೆತ್ತರ. ಬಿಳಿ ಹಲಗೆ ಮೆತ್ತಗಾಗಿ ಒಳಕ್ಕೆ ಕುಸಿದು ಮತ್ತೆ ಗಟ್ಟಿಯಾಗಿತ್ತು. ಇಸ್ತ್ರಿಪೆಟ್ಟಿಗೆಯ ಗುರುತಾದರೆ ಮುಂದೆ ಚೂಪಾಗಿರುತ್ತದೆ. ಇದು ಅಗಲವಾದ ಒಂದು ಅಂಗೈ. ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡಿತ್ತು. ನಾನು ಓಡಿಹೋಗಿ ಓಣಿಯಿಂದ ನೋಡಿದೆ. ನನ್ನ ಹಲಗೆಗಳು ಒಳಗೆ ಟೊಳ್ಳು, ಒಂದು ಮೈಗೆ ಬಿದ್ದ ಗುರುತು ಇನ್ನೊಂದಕ್ಕೆ ಬರುವುದಿಲ್ಲ. ಹೊರಮೈ ಹಾಕಿದ ದಿನದಷ್ಟೇ ನುಣುಪಾಗಿತ್ತು. ಕೈ ಊರಿದ್ದು ಒಳಗಿನಿಂದ.

ಆಕೆ ಅಂಗಳದಲ್ಲಿ ಕೂತುಬಿಟ್ಟಿದ್ದಳು.

"ಈ ಬೇಲಿ ಇರೋ ತನಕ ಅಂದಿದ್ರು," ಎಂದಳು. "ನಾನೇ ಕೀಳಿಸಿದೆ. ಹಳೇ ಬೇಲಿ ತಂದು ನೆಟ್ಟುಬಿಡಿ ಬೇಲಿಯವರೇ, ನಿಮ್ಮ ಕಾಲಿಗೆ ಬೀಳ್ತೀನಿ."

ಎಲ್ಲಿಂದ ತರಲಿ? ಸೈಟಿನಲ್ಲಿ ಕಪ್ಪು ಬೂದಿ ಇನ್ನೂ ಹಾಗೆಯೇ ಇತ್ತು. ಮುಂದಿನ ಕೋಣೆಯಿಂದ ಚಿಕ್ಕ ಇಸ್ತ್ರಿಯ ದನಿ ಕೇಳುತ್ತಿತ್ತು. ಯಾರಿಗೋ ಮಂಡಿನೋವಿನ ಕತೆ ಹೇಳುತ್ತಿದ್ದ. ಇಣುಕಿದೆ. ಅವನು ತನ್ನ ಮೇಜಿನ ಹಿಂದೆ ನಿಂತು, ವರ್ಷಗಳ ಆಯಾಸ ಇಳಿದವನಂತೆ ನಗುತ್ತ, ಎದುರಿನ ಮೇಜಿನ ಕಡೆ ನೋಡಿ ಮಾತಾಡುತ್ತಿದ್ದ. ಆ ಮೇಜಿನ ಧೂಳು ಒರೆಸಿಯಾಗಿತ್ತು. ಅದರ ಮೇಲೆ ಮಡಚಿದ ಅಂಗಿಗಳಿದ್ದವು. ನಾನು ಅವುಗಳನ್ನು ಮುಟ್ಟಿ ನೋಡಲಿಲ್ಲ.

ಆಕೆ ಮನೆ ಬಿಟ್ಟು ಹೋಗಲಿಲ್ಲ. ಗಂಡನನ್ನು ಬಿಟ್ಟು ಎಲ್ಲಿಗೆ ಹೋದಾಳು? ಆದರೆ ಸಂಜೆಯಾದರೆ ಒಳಗಿರಲಾರಳು. ಆ ದಾರಿಯಲ್ಲಿ ಹೋಗುವಾಗೆಲ್ಲ ನೋಡುತ್ತೇನೆ, ಆಕೆ ಬೇಲಿಯ ಹೊರಗೆ, ಓಣಿಯಲ್ಲಿ, ಬಿಳಿ ಹಲಗೆಯ ಮೇಲೆ ಅಂಗೈ ಊರಿ, ಯಾರಾದರೂ ಒಳಗೆ ಬಾ ಅನ್ನಲಿ ಎಂದು ನಿಂತಿರುತ್ತಾಳೆ.