ದೊಡ್ಡಮ್ಮ ನೂತ ಹುಲ್ಲೆಯ ಉಣ್ಣೆ

ನಮ್ಮ ದೊಡ್ಡಮ್ಮ ಆಯುಷ್ಯವಿಡೀ ಹಿಮದ ಬೆಟ್ಟಗಳ ಕಾಡುಹುಲ್ಲೆಯ ಉಣ್ಣೆ ನೂತವಳು. ಹುಲ್ಲೆಗಳು ಮುಳ್ಳುಪೊದೆಗೆ ಮೈ ಉಜ್ಜಿದಾಗ ಸಿಕ್ಕಿಕೊಳ್ಳುವ ಉಣ್ಣೆಯನ್ನು ಆರಿಸಿ ತರುತ್ತೇವೆ ಎಂದು ವ್ಯಾಪಾರಿ ಹೇಳಿದ್ದ. ಹುಲ್ಲೆಗಳ ಸಂತತಿಯೇ ಅಳಿಯುತ್ತಿದೆ ಎಂದು ಯಾರಾದರೂ ಅಂದರೆ ದೊಡ್ಡಮ್ಮ ಉರಿದುಬೀಳುತ್ತಿದ್ದಳು: "ನಾವೇನು ಅವುಗಳ ತಂಟೆಗೆ ಹೋಗ್ತೀವಾ?"

ಮೊನ್ನೆ ವ್ಯಾಪಾರಿ ತಂದ ಮೂಟೆಗೆ ಕೈ ಹಾಕಿದಳು. ಉಣ್ಣೆಯ ಜೊತೆ ಅಂಗೈಯಗಲದ ಚರ್ಮವೂ ಬಂತು. ಅದರ ನಡುವೆ ಗುಂಡು ಹೊಕ್ಕ ತೂತು. ದೊಡ್ಡಮ್ಮ ಅದನ್ನು ವ್ಯಾಪಾರಿಯ ಮುಖದ ಮುಂದೆ ಹಿಡಿದಳು.

ಆ ಭಂಡ ಮಾತ್ರ ನಕ್ಕ. "ಯಾವುದೋ ಒಂದು ಸತ್ತಿರಬೇಕು, ಬಿಡಮ್ಮ."

ದೊಡ್ಡಮ್ಮ ತನ್ನ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಮುಳ್ಳುಪೊದೆಯ ಉಣ್ಣೆ ಅಂದೆ ನೀನು. ಇಷ್ಟು ವರ್ಷದಲ್ಲಿ ನನಗೆ ಒಂದು ಮುಳ್ಳೂ ಚುಚ್ಚಲಿಲ್ಲವಲ್ಲಯ್ಯಾ."