ಗುಂಡಬರ್ಟನ ಅಳಿಯ ಮತ್ತು ಅಕ್ಕನ ಗುಡಿಸು

ಮೂರು ತಿಂಗಳಿಂದ ನಾನು ಘಾಟ್ಕೋಪರಿನ ಎರಡನೇ ಮಾಳಿಗೆಯಲ್ಲಿ ಕೂತು ಗುಂಡಬರ್ಟನ ಮನೆವಾರ್ತೆ ನೋಡಿಕೊಳ್ಳುತ್ತಿದ್ದೇನೆ. ಗುಂಡಬರ್ಟ ನಮ್ಮ ಸೊಸೈಟಿಯವನಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ, ಈಗಿನ ಫ್ರಾನ್ಸು ಜರ್ಮನಿಗಳ ಗಡಿಯ ಹತ್ತಿರ ಎಲ್ಲೋ ಇದ್ದ ಫ್ರಾಂಕ್ ಜನಾಂಗದ ದೊಡ್ಡ ಜಮೀನ್ದಾರ. ಅವನ ವಂಶಾವಳಿಯ ಬಗ್ಗೆ ಅಲ್ಲಿನ ಪ್ರೊಫೆಸರರೊಬ್ಬರು ಐನೂರು ಪುಟದ ಪುಸ್ತಕ ಬರೆದಿದ್ದಾರೆ. ಅದರ ಕೊನೆಗೆ ಪದಸೂಚಿ ಬೇಕಲ್ಲ, ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಹೇಳುವ, ಯಾರೂ ಓದದ ಆ ಸಣ್ಣಕ್ಷರದ ಪುಟಗಳು, ಅವನ್ನು ತಯಾರಿಸುವುದು ನನ್ನ ಹೊಟ್ಟೆಪಾಡು. ಪರದೇಶದ ಪುಸ್ತಕಗಳಿಗೆ ಬಾಲ ಕಟ್ಟುವುದು ಮುಂಬಯಿಯ ಉಪನಗರಗಳಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ನಾನವನನ್ನು ಗುಂಡಣ್ಣ ಎಂದೇ ಕರೆಯುತ್ತೇನೆ. ಇಷ್ಟು ದಿನ ಒಟ್ಟಿಗಿದ್ದ ಮೇಲೆ ಅಷ್ಟು ಸಲಿಗೆ ಬೇಡವೇ? ಕಷ್ಟವೇನೆಂದರೆ ಗುಂಡಣ್ಣ ಒಬ್ಬನಲ್ಲ, ಐದು ಜನ. ಆ ಮನೆಯಲ್ಲಿ ಅಪ್ಪ ಗುಂಡಬರ್ಟನಾದರೆ ಮಗ ಅಡಲಾರ್ಡ, ಅವನ ಮಗ ಮತ್ತೆ ಗುಂಡಬರ್ಟ. ಹೆಸರಿಗೆ ಇಷ್ಟು ಬರಗಾಲ ಬಂದ ಮನೆತನವನ್ನು ನಾನು ಕಂಡಿಲ್ಲ. ಇವರೆಲ್ಲ ಇದ್ದರೆಂದು ನಮಗೆ ಗೊತ್ತಾಗಿರುವುದು ಒಂದೇ ಕಾರಣಕ್ಕೆ: ಅವರು ತಮ್ಮ ಊರಿನ ಕ್ರೈಸ್ತ ಮಠಕ್ಕೆ ಕಾಡು, ದ್ರಾಕ್ಷಿತೋಟ, ಬೀಸುವ ಗಿರಣಿ ದಾನ ಕೊಟ್ಟರು, ಮಠದ ಸನ್ಯಾಸಿಗಳು ಅದನ್ನು ತೊಗಲಿನ ಹಾಳೆಯಲ್ಲಿ ಬರೆದಿಟ್ಟರು. ದಾನ ಕೊಡದೆ ಸತ್ತವರು ಸತ್ತೇ ಹೋದರು. ಯುದ್ಧ ಮಾಡಿದರೋ, ಹಾಡಿದರೋ, ಹೆಂಡತಿಗೆ ಹೆದರುತ್ತಿದ್ದರೋ, ಮಠಕ್ಕೆ ಅದು ಬೇಕಿರಲಿಲ್ಲ.

ನಗಬೇಡಿ. ನಮ್ಮ ಕಡೆಯ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಊರು, ಹೋಟೆಲಿನ ಹೆಸರು ಎಲ್ಲ ಬರೆದು ಬೆಳಕೇ ಕೆಳಗೆ ಬೀಳದ ಹಾಗೆ ಮಾಡಿರುವುದನ್ನು ನೀವೂ ನೋಡಿದ್ದೀರಿ. ಗುಂಡಣ್ಣನ ಕಾಲದಲ್ಲಿ ಟ್ಯೂಬ್‌ಲೈಟ್ ಇರಲಿಲ್ಲ, ಅಷ್ಟೇ.

ನಾನು ತಯಾರಿಸಿದ ಮೊದಲ ಸೂಚಿಯನ್ನು ಪ್ರೊಫೆಸರರು ವಾಪಸು ಕಳಿಸಿದರು. ಬಹಳ ಮರ್ಯಾದಸ್ಥರು. ಪತ್ರದಲ್ಲಿ ಬೈಗುಳವೇನೂ ಇರಲಿಲ್ಲ. 'ನಿಮ್ಮ ಸೂಚಿಯ ಪ್ರಕಾರ ಈ ಮನೆತನದಲ್ಲಿ ಮೊಮ್ಮಕ್ಕಳೇ ಹುಟ್ಟಿಲ್ಲ. ಆಸ್ತಿಯೆಲ್ಲ ಸಹೋದರಿಯರ ಮಕ್ಕಳಿಗೆ ಹೋಗಿದೆ. ಇದಕ್ಕೆ ನಿಮ್ಮಲ್ಲಿ ಹೊಸ ಆಧಾರವೇನಾದರೂ ಇದೆಯೇ?' ಎಂದು ಕೇಳಿದ್ದರು, ಪಾಪ, ನಿಜವಾಗಿಯೂ.

ಆಧಾರವೆಲ್ಲಿಂದ ಬರಬೇಕು? ಮಠದ ದಾಖಲೆಗಳಲ್ಲಿ 'ನೆಪೋಸ್' ಎಂಬ ಲ್ಯಾಟಿನ್ ಶಬ್ದ ಬರುತ್ತದೆ. ಅದಕ್ಕೆ ಮೊಮ್ಮಗ ಎಂದೂ ಅರ್ಥ, ಸೋದರಳಿಯ ಎಂದೂ ಅರ್ಥ. ನಾನು ಎಲ್ಲ ಕಡೆಯೂ ಕಣ್ಣು ಮುಚ್ಚಿ ಸೋದರಳಿಯ ಎಂದು ಹಾಕಿದ್ದೆ. ಏಕೆಂದರೆ ನಾವು ಉಡುಪಿ ಕಡೆಯ ಅಳಿಯಸಂತಾನದವರು. ನಮ್ಮಲ್ಲಿ ಕುಟುಂಬ ಇಳಿಯುವುದು ತಾಯಿಯಿಂದ. ಗಂಡಸಿನ ಮಕ್ಕಳು ಅವರ ತಾಯಿಯ ಕುಟುಂಬದವರು. ಅವನ ಕುಟುಂಬ ಮುಂದುವರಿಯಬೇಕಾದರೆ ಅವನ ಅಕ್ಕತಂಗಿಯರಿಗೆ ಮಕ್ಕಳಾಗಬೇಕು. ಯಜಮಾನನ ನಂತರ ಯಾರು ಎಂದರೆ ಅಳಿಯ ಎಂಬುದು ನನಗೆ ಅನ್ನ ಮೊಸರಿನಷ್ಟು ಸಹಜ. ಹೀಗೆ ಘಾಟ್ಕೋಪರಿನಲ್ಲಿ ಕೂತು ಇಡೀ ಒಂದು ಫ್ರಾಂಕ್ ಮನೆತನವನ್ನು ನಾನು ಅಳಿಯಕಟ್ಟಿಗೆ ಸೇರಿಸಿಬಿಟ್ಟಿದ್ದೆ. ನಮ್ಮ ಕನ್ನಡದಲ್ಲಿಯೂ ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕನ ಮಗನೂ ಹೌದು, ನಾವೇನು ಗೊಂದಲ ಮಾಡಿಕೊಳ್ಳುತ್ತೇವೆಯೇ ಎಂದು ಪ್ರೊಫೆಸರರಿಗೆ ಬರೆಯೋಣವೆಂದುಕೊಂಡೆ. ಬರೆಯಲಿಲ್ಲ. ಕ್ಷಮೆ ಕೇಳಿದೆ.

ಈ ತಪ್ಪನ್ನು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನನ್ನ ಅಕ್ಕ. ಹೋದ ವರ್ಷ ಹೋಗಿಬಿಟ್ಟಳು. ಬೈಕುಲ್ಲಾದ ಒಂದು ಗಲ್ಲಿಯ ಕನ್ನಡ ಪ್ರೆಸ್ಸಿನಲ್ಲಿ ಅವಳು ಕರಡು ತಿದ್ದುತ್ತಿದ್ದಳು. ಮದುವೆಯ ಕಾಗದ, ಸಂಘಗಳ ಸ್ಮರಣಸಂಚಿಕೆ, ದಾನಿಗಳ ಪಟ್ಟಿ. ಊರಿಂದ ಬಂದ ನನ್ನನ್ನು ತನ್ನ ಚಾಳಿನ ಕೋಣೆಯಲ್ಲಿಟ್ಟುಕೊಂಡು ಓದಿಸಿದಳು, ಈ ಕಸುಬು ಕಲಿಸಿದಳು. ಮದುವೆಯಾಗಲಿಲ್ಲ. 'ನಿನ್ನ ಕರಡು ತಿದ್ದುವುದರಲ್ಲೇ ಆಯುಷ್ಯ ಮುಗೀತು ಮಾರಾಯ, ಇನ್ನೊಬ್ಬನದ್ದು ಯಾರು ತಿದ್ತಾರೆ?' ಎನ್ನುತ್ತಿದ್ದಳು. ನನ್ನ ಮಗಳು ಶ್ರುತಿಗೆ ಬರುವ ಹರಕುಮುರುಕು ಕನ್ನಡವೂ ಅತ್ತೆ ಕಲಿಸಿದ್ದೇ.

ಪದಸೂಚಿಯ ಬಗ್ಗೆ ಅಕ್ಕನದ್ದು ಒಂದೇ ಕಾನೂನು. ಪುಟದಲ್ಲಿ ಇಲ್ಲದ್ದು ಸೂಚಿಯಲ್ಲಿ ಬರಬಾರದು. ನಿನಗೆ ಎಷ್ಟೇ ಗೊತ್ತಿರಲಿ, ಎಷ್ಟೇ ಪ್ರೀತಿಯಿರಲಿ, ಬರಬಾರದು.

ಗುಂಡಣ್ಣನ ಮೊಮ್ಮಕ್ಕಳನ್ನು ನಾನು ಮತ್ತೆ ಹುಟ್ಟಿಸುತ್ತಿದ್ದ ದಿನಗಳಲ್ಲೇ ಊರಿಂದ ಕರುಣಾಕರಣ್ಣನ ಫೋನು ಬಂತು. ನಮ್ಮ ಕುಟುಂಬದ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಅವರೇ ಕಾರ್ಯದರ್ಶಿ. ಗೋಡೆಗೆ ಕರಿಕಲ್ಲು ಹಾಕಿ ಕುಟುಂಬದ ವಂಶವೃಕ್ಷ ಕೆತ್ತಿಸುತ್ತಾರಂತೆ. ನಮ್ಮ ಕವಲಿನ ಹೆಸರು ಕೊಡಬೇಕಂತೆ. ಅಜ್ಜಿಯ ಹೆಸರು ಹೇಳಿದೆ, ಅಮ್ಮನ ಹೆಸರು ಹೇಳಿದೆ, ಅಕ್ಕನ ಹೆಸರು ವಸಂತಿ ಎಂದೆ.

'ವಸಂತಿಗೆ ಮಕ್ಕಳಿಲ್ಲ ಅಲ್ವಾ?' ಎಂದರು. 'ಸಂತಾನ ಮುಂದೆ ಹೋದ ಹೆಂಗಸರನ್ನು ಮಾತ್ರ ಹಾಕುದು ಅಂತ ಆಗಿದೆ. ಕಲ್ಲಿನಲ್ಲಿ ಜಾಗ ಇಲ್ಲ ಮಾರಾಯ್ರೆ. ನಿಮ್ಮ ಕವಲು ಅಮ್ಮನಲ್ಲಿಗೆ ಮುಗೀತು ಅಂತ ಒಂದು ಸಣ್ಣ ಗೆರೆ ಎಳೀತೇವೆ.'

ಫೋನಿಟ್ಟ ಮೇಲೆ ಶ್ರುತಿ ಕೇಳಿದಳು: 'ಪಪ್ಪಾ, ಮತ್ಲಬ್ ಅತ್ತೆ ಟ್ರೀಯಲ್ಲಿ ಇಲ್ವಾ? ಔರ್ ನಾನು?' ನೀನು ನಿನ್ನ ಅಮ್ಮನ ಕುಟುಂಬದವಳು, ಕಾರ್ಕಳದ ಅವರ ಕಲ್ಲಿನಲ್ಲಿ ಬರುತ್ತೀ ಎಂದೆ. 'ನನ್ನನ್ನು ದೊಡ್ಡ ಮಾಡಿದ್ದು ಅತ್ತೆ. ಯೇ ಕ್ಯಾ ಬಾತ್ ಹುಯೀ?' ಎಂದಳು, ಇದೆಂಥ ನ್ಯಾಯ ಎಂಬ ಹಾಗೆ. ಗುಂಡಣ್ಣನ ಮನೆಯಲ್ಲಿ ಹೆಂಗಸಿಗೆ ಹೆಸರಿಲ್ಲ ಎಂದು ನಾನು ಮೂರು ತಿಂಗಳಿಂದ ಮೂಗು ಮುರಿಯುತ್ತಿದ್ದೆ. ಹೆಂಗಸಿನಿಂದಲೇ ನಡೆಯುವ ನಮ್ಮ ಮನೆಯಲ್ಲಿ ಹೆರದ ಹೆಂಗಸಿಗೆ ಹೆಸರಿಲ್ಲ.

ಆಗ ಗುಂಡಣ್ಣನೇ ದಾರಿ ತೋರಿಸಿದ. ದಾನ ಕೊಡು, ಹೆಸರು ಉಳಿಯುತ್ತದೆ. ಕರುಣಾಕರಣ್ಣನಿಗೆ ನಾನೇ ಫೋನ್ ಮಾಡಿ, ಊಟದ ಚಾವಡಿಗೆ ಅಕ್ಕನ ಹೆಸರಿನಲ್ಲಿ ಒಂದು ಫ್ಯಾನು ಕೊಡುತ್ತೇನೆ ಎಂದೆ. ಅವರಿಗೂ ಖುಷಿಯಾಯಿತು. ಮೂರು ರೆಕ್ಕೆ, ಒಂದರ ಮೇಲೆ 'ದಿ. ವಸಂತಿ', ಇನ್ನೊಂದರ ಮೇಲೆ 'ಸ್ಮರಣಾರ್ಥ', ಮತ್ತೊಂದರ ಮೇಲೆ 'ಮುಂಬಯಿ'. ಬರೆಯುವವನಿಗೆ ತೋರಿಸಲಿಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ವಾಟ್ಸಾಪ್ ಮಾಡಿ ಎಂದರು. ಮಾಡಿದೆ. ನನ್ನ ಜಾಣ ಫೋನು ಕೊನೆಯ ಅಕ್ಷರವನ್ನು ನುಂಗಿತ್ತು. ನಾನು ನೋಡಲಿಲ್ಲ.

ಬರೆಯುವ ಮೊದಲು ಅವರು ಕರಡು ಕಳಿಸದೇ ಇರಲಿಲ್ಲ. ಕಳಿಸಿದ್ದರು, 'ಸರಿ ಉಂಟಾ?' ಎಂದು ಕೇಳಿ. ಆವತ್ತು ನಾನು ಬೈಕುಲ್ಲಾದ ಪ್ರೆಸ್ಸಿಗೆ ಹೋಗುತ್ತಿದ್ದೆ, ಅಕ್ಕನ ಮೇಜಿನಲ್ಲಿ ಉಳಿದಿದ್ದ ಕನ್ನಡಕ ಮತ್ತು ಕೆಂಪು ಪೆನ್ನು ತರಲಿಕ್ಕೆ. ಲೋಕಲ್ಲಿನಲ್ಲಿ ಕುರ್ಲಾದಲ್ಲಿ ಹತ್ತಿದ ಜನ ನನ್ನನ್ನು ಬಾಗಿಲಿಗೆ ಅಂಟಿಸಿದ್ದರು. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಫೋನು, ನನ್ನ ಕನ್ನಡಕ ಜೇಬಿನಲ್ಲಿ. ಮಸುಕಾಗಿ ಅಕ್ಕನ ಹೆಸರಿನ ಹಾಗೆ ಏನೋ ಕಂಡಿತು. ಸಾಯನ್ ದಾಟುವಷ್ಟರಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿಬಿಟ್ಟೆ. ಜೀವಮಾನವಿಡೀ ಪರರ ಅಲ್ಪವಿರಾಮಗಳನ್ನು ಹೆಕ್ಕಿದವನು ಅಕ್ಕನ ಕರಡನ್ನು ಓದಲಿಲ್ಲ.

ಫ್ಯಾನಿನ ಫೋಟೋ ಬಂದಾಗ ಕನ್ನಡಕ ಹಾಕಿಕೊಂಡೇ ನೋಡಿದೆ. 'ದಿ. ವಸಂತ'.

ಒಂದು ಗುಡಿಸು ಹೋಗಿತ್ತು. ನಾವು ಶಾಲೆಯಲ್ಲಿ ರಾಗವಾಗಿ ಹೇಳುತ್ತಿದ್ದೆವಲ್ಲ, ತಕಾರಕ್ಕೆ ಗುಡಿಸು ಕೊಟ್ಟರೆ ತಿ, ಆ ಗುಡಿಸು. ಅಕ್ಷರದ ತಲೆಯ ಮೇಲಿನ ಒಂದು ಸಣ್ಣ ಸುತ್ತು. ಅದು ಹೋದ ಕೂಡಲೇ ನನ್ನ ಅಕ್ಕ ಗಂಡಸಾದಳು. ಇನ್ನು ಮುಂದೆ ಯಾವನಾದರೂ ಪ್ರೊಫೆಸರ್ ಬಂದರೆ ನಮ್ಮ ಮನೆಯಲ್ಲಿ ವಸಂತ ಎಂಬ ಗಂಡುಮಗ ಇದ್ದನೆಂದೂ, ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದನೆಂದೂ ಬರೆಯುತ್ತಾನೆ.

ಕರುಣಾಕರಣ್ಣನಿಗೆ ಫೋನ್ ಮಾಡಿ ಹೇಳಿದೆ. 'ಅಯ್ಯೋ, ನೀವೇ ಸರಿ ಉಂಟು ಅಂತ ಬೆರಳು ತೋರಿಸಿದ್ದಲ್ವಾ?' ಎಂದರು. ಆಮೇಲೆ ಸಮಾಧಾನಕ್ಕೆ, 'ಫ್ಯಾನು ತಿರುಗುವಾಗ ಯಾರಿಗೆ ಕಾಣ್ತದೆ ಮಾರಾಯ್ರೆ? ಕರೆಂಟು ಹೋದರೆ ಮಾತ್ರ.' ಸಾವಕಾಶ ಬರೆಸುತ್ತೇನೆ ಎಂದಿದ್ದಾರೆ, ಒಳ್ಳೆಯವರು. ಬರೆಸುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಅಕ್ಕ ಸತ್ತಾಗ ನಾನು ಇಷ್ಟು ಅತ್ತಿರಲಿಲ್ಲ. ಸಾವು ನನ್ನ ತಪ್ಪಾಗಿರಲಿಲ್ಲ. ಈ ಒಂದು ಸುತ್ತು ನನ್ನ ತಪ್ಪು.

ಗುಂಡಣ್ಣನ ಪುಸ್ತಕದ ಇನ್ನೂರ ಹದಿನಾಲ್ಕನೇ ಪುಟದಲ್ಲಿ ಒಂದು ದಾನಪತ್ರವಿದೆ. ಮೂರನೇ ಗುಂಡಬರ್ಟ ತನ್ನ ಸಹೋದರಿಯ ಆತ್ಮದ ಹಿತಕ್ಕಾಗಿ ಮಠಕ್ಕೆ ದ್ರಾಕ್ಷಿತೋಟ ಕೊಡುತ್ತಾನೆ. ಅವಳ ಹೆಸರಿದ್ದ ಜಾಗವನ್ನು ಇಲಿ ತಿಂದಿದೆ. ಅಕ್ಕನೋ ತಂಗಿಯೋ ಅದೂ ತಿಳಿಯದು, ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಎಂಥ ಭಾಷೆಯೋ! ಅವನು ತೋಟ ಕೊಟ್ಟ, ನಾನು ಫ್ಯಾನು ಕೊಟ್ಟೆ. ಅವನಿಗೆ ಇಲಿ, ನನಗೆ ನಾನೇ.

ನಿನ್ನೆ ಸೂಚಿಯ ಕೊನೆಯ ಪ್ರತಿ ಕಳಿಸಬೇಕಿತ್ತು. 'ಗುಂಡಬರ್ಟನ ಸಹೋದರಿ, ಹೆಸರು ತಿಳಿಯದು, 214' ಎಂಬ ಸಾಲಿಗೆ ಬಂದಾಗ ಕೈ ನಿಂತಿತು. 'ವಿ' ಅಕ್ಷರದ ಪಟ್ಟಿಗೆ ಹೋಗಿ, 'ವಸಂತಿ, 214' ಎಂದು ಟೈಪು ಮಾಡಿದೆ. ಯಾರು ನೋಡುತ್ತಾರೆ? ಸೂಚಿಯನ್ನು ಯಾರೂ ಓದುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಪರದೇಶದ ಗ್ರಂಥಾಲಯಗಳಲ್ಲಿ, ಗಟ್ಟಿ ರಟ್ಟಿನ ಒಳಗೆ, ಅವಳು ನೂರಾರು ವರ್ಷ ತಣ್ಣಗೆ ಇರುತ್ತಿದ್ದಳು. ಚಹಾ ಆರುವ ತನಕ ಆ ಸಾಲನ್ನೇ ನೋಡುತ್ತ ಕೂತೆ.

ಆಮೇಲೆ ಅಳಿಸಿದೆ. ಪುಟದಲ್ಲಿ ಇಲ್ಲದ್ದು ಸೂಚಿಯಲ್ಲಿ ಬರಬಾರದು. ಉಳಿಸಿದ್ದರೆ ಎಲ್ಲರಿಗಿಂತ ಮೊದಲು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದವಳು ಅವಳೇ.

ಕಾನೂನಿನ ಪ್ರಕಾರ ಉಳಿದದ್ದು ಒಂದೇ ದಾರಿ, ಮೊದಲು ಅವಳನ್ನು ಪುಟದಲ್ಲಿ ತರುವುದು. ಅದಕ್ಕೇ ಗುಂಡಣ್ಣನ ನೆಪ ಮಾಡಿಕೊಂಡು ನಿಮ್ಮನ್ನು ಇಷ್ಟು ಹೊತ್ತು ಕೂರಿಸಿದೆ. ಕರಡು ತಿದ್ದುವ ಮಹನೀಯರಲ್ಲಿ ಒಂದು ಬೇಡಿಕೆ. ಈ ಪ್ರಬಂಧದಲ್ಲಿ ಬೇರೆ ಎಷ್ಟು ತಪ್ಪುಗಳಿದ್ದರೂ ಇರಲಿ. ನನ್ನ ಅಕ್ಕನ ಹೆಸರು ವಸಂತಿ. ತಕಾರಕ್ಕೆ ಗುಡಿಸು.