ಪಠ್ಯಪುಸ್ತಕವಿಲ್ಲದ ಶಾಲೆಗೆ ಅಪ್ಪನ ಬೆಲ್ಲದ ಹದ

ನಾನು ಕಲಿಸಲು ಬಂದ ಶಾಲೆಯಲ್ಲಿ ಪಠ್ಯಪುಸ್ತಕವೇ ಇಲ್ಲ. ಹೈದರಾಬಾದಿನ ಅಂಚಿನಲ್ಲಿರುವ ಅಂತರರಾಷ್ಟ್ರೀಯ ಶಾಲೆ ಇದು. ಮೊದಲ ದಿನ ಶಿಕ್ಷಕರ ಕೋಣೆಯಲ್ಲಿ, ಏಳನೆಯ ತರಗತಿಯ ವಿಜ್ಞಾನದ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು.

ನಾನು ಕಲಿತದ್ದೆಲ್ಲ ಪಠ್ಯಪುಸ್ತಕದಿಂದಲೇ. ಅದೂ ನಮ್ಮೂರು ಮೇಲವಂಕಿಯ ಯಾರದೋ ಮನೆಯ ಹುಡುಗಿ ಓದಿ ಬಿಟ್ಟದ್ದು, ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿ ಹೊಸದು ಮಾಡಿಕೊಟ್ಟದ್ದು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಗೋಕಾಕದಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್., ಹುಕ್ಕೇರಿಯಲ್ಲಿ ಮೂರು ವರ್ಷ ಮಾಸ್ತರಿಕೆ. ಪುಸ್ತಕವಿಲ್ಲದೆ ಕಲಿಸು ಎಂದರೆ ನನಗೆ ಹಗ್ಗವಿಲ್ಲದೆ ಬಾವಿಗಿಳಿ ಎಂದ ಹಾಗೆ.

ಇಲ್ಲಿ ಪುಸ್ತಕದ ಬದಲು ‘ರಿಸೋರ್ಸ್’. ಪಾಠಕ್ಕೆ ಬೇಕಾದ ವಿಡಿಯೊ, ಚಿತ್ರ, ಲೇಖನಗಳನ್ನು ಶಿಕ್ಷಕರೇ ಹುಡುಕಬೇಕು. ಎಲ್ಲಿಂದ ತಂದದ್ದೆಂದು ‘ಮೂಲ’ ಎಂಬ ಖಾನೆಯಲ್ಲಿ ಬರೆದು ಶಾಲೆಯ ಕಂಪ್ಯೂಟರಿನ ಭಂಡಾರಕ್ಕೆ ಸೇರಿಸಬೇಕು. ಜೊತೆಯವರು ಲಂಡನ್ನಿನ ಗೆಳೆಯರನ್ನು ಕೇಳುತ್ತಿದ್ದರು. ನಾನು ಯಾರನ್ನು ಕೇಳಲಿ? ಗೂಗಲ್ಲಿನಲ್ಲಿ ಹುಡುಕಿ ಹಾಕಿದ್ದು ಮೂರು ಸಲ ವಾಪಸು ಬಂತು. ‘ಇದರಲ್ಲಿ ನಿಮ್ಮದು ಏನಿದೆ?’ ಎಂದರು ಸಂಯೋಜಕಿ ಮೇಡಂ. ಅವರು ಒಪ್ಪಿದರೆ ಮಾತ್ರ ಆರು ತಿಂಗಳಿಗೆ ನನ್ನ ಕೆಲಸ ಕಾಯಂ, ಇಲ್ಲವಾದರೆ ಗಂಟು ಕಟ್ಟಬೇಕು.

ಊರು ಮಾತ್ರ ಅಷ್ಟು ಕಠಿಣವಾಗಿರಲಿಲ್ಲ. ಬಾಡಿಗೆ ಕೋಣೆಯ ಒಡತಿ ಎಲ್ಲದಕ್ಕೂ ‘ಪರವಾಲೇದು’ ಎನ್ನುತ್ತಾಳೆ. ನಮ್ಮ ‘ಅಡ್ಡಿಯಿಲ್ಲ’ ಅದೇ. ನಲ್ಲಿಯಲ್ಲಿ ನೀರು ಬರದಿದ್ದರೂ ಪರವಾಲೇದು. ರಸ್ತೆ ಬದಿಯಲ್ಲಿ ‘ಜೊನ್ನ ರೊಟ್ಟೆ’ ಮಾರುತ್ತಾರೆ. ಹೌದು, ನಮ್ಮ ಜೋಳದ ರೊಟ್ಟಿಯೇ, ಇಲ್ಲಿ ಸಕ್ಕರೆ ಕಾಯಿಲೆಯವರ ಪಥ್ಯ. ನಾವು ದಿನಾ ತಿಂದದ್ದನ್ನು ಇವರು ಔಷಧಿಯ ಹಾಗೆ ಕೊಳ್ಳುವುದನ್ನು ಕಂಡು ನಗು ಬಂತು, ಸಿಟ್ಟೂ ಬಂತು. ಕಿರಾಣಿ ಅಂಗಡಿಯಲ್ಲಿ ‘ಬೆಲ್ಲಂ’ ಎಂದು ಕೇಳಿದ ದಿನ ಮಾತ್ರ ಪರಊರು ಎನಿಸಲಿಲ್ಲ.

ಆ ಬೆಲ್ಲವೇ ನನಗೆ ದಾರಿ ತೋರಿತು. ನಾನು ಕಲಿಸಬೇಕಾದ ಪಾಠ ಪದಾರ್ಥಗಳ ಬದಲಾವಣೆಯದು. ನಮ್ಮಪ್ಪ ಮೂವತ್ತು ವರ್ಷದಿಂದ ಮೂಡಲಗಿ ಕಡೆಯ ಬೆಲ್ಲದ ಗಾಣಗಳಲ್ಲಿ ಹದ ನೋಡುವವನು. ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆಂದು ಹೇಳುವುದು ಅವನೇ. ದೀಪಾವಳಿಯ ರಜೆಗೆ ಹೋಗಿ ಮೊಬೈಲ್ ಹಿಡಿದು ನಿಂತೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಒಲೆಗೆ ಉರಿ ಹಾಕುತ್ತಿದ್ದ ದಸ್ತಗೀರ ಕಾಕಾ ಬಿಡುತ್ತಾನೆಯೇ?

“ಏ ಬಸಪ್ಪಾ, ಕನ್ಯಾ ನೋಡಾಕ ಹೊಂಟವರಂಗ ಬಂದೀಯಲ್ಲೋ! ಅಂಗಿಗಿ ಪಾಕ ಸಿಡೀತಂದ್ರ ಇವತ್ತ ಮನ್ಯಾಗ ನಿನಗ ರೊಟ್ಟಿಲ್ಲ ನೋಡ.”

“ಸುಮ್ಮನ ಉರಿ ಹಾಕೋ. ನನ್ನ ಮಗಳ ಸಾಲ್ಯಾಗ ತೋರಸ್ತಾಳಿದನ್ನ,” ಎಂದ ಅಪ್ಪ. ಆಮೇಲೆ ಮೊಬೈಲಿಗೆ ಕೈಮುಗಿದು ಶುರು ಮಾಡಿದ: “ನಮಗೇನ ತಿಳೀತೈತ್ರಿ? ಸಾಲಿ ಕಲಿತವರಲ್ಲ, ಅಡಾಣಿ ಮಂದಿ ನಾವು.”

ನಮ್ಮ ಕಡೆ ತಿಳಿದವನು ಹೀಗೆಯೇ ಬಾಯಿ ತೆರೆಯುತ್ತಾನೆ, ನಿಮಗೆ ಹೇಳಬೇಕಾಗಿಲ್ಲ. ಏನೂ ತಿಳಿಯದ ಅಡಾಣಿ ಎಂದು ಮೊದಲು ತನ್ನನ್ನು ಕೆಳಗಿಟ್ಟುಕೊಳ್ಳುತ್ತಾನೆ. ಆಮೇಲೆ ತಡೆಯಲಾಗದು. ಅಪ್ಪ ನಲವತ್ತು ನಿಮಿಷ ಹೇಳಿದ. “ಮೊದಲ ಗುಳ್ಳಿ ಸಣ್ಣವು ಬರ್ತಾವ್ರಿ, ಕುಲುಕುಲು ನಗತಾವು. ಆಮ್ಯಾಲೆ ದೊಡ್ಡವಾಗಿ ಪಚಕ್ ಪಚಕ್ ಅಂತಾವು. ಆವಾಗ ಕಣ್ಣ ಮುಚ್ಚಿದ್ರೂ ನಡೀತೈತಿ, ಕಿವಿ ಮುಚ್ಚಬಾರದು.” ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ತಟ್ಟೆಗೆ ಹೊಡೆದು ಸದ್ದು ಕೇಳಿಸಿದ.

ನಾನು ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ವಿಡಿಯೊದ ಕೆಳಗೆ ಕೂರಿಸಿದೆ. ಆ ಮೊದಲ ಮಾತನ್ನೂ. ಮರ್ಯಾದೆಯ ಮಾತು ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆಯಾಗಿ ನಿಂತದ್ದು ನನಗೆ ಕಾಣಲಿಲ್ಲ. ‘ಮೂಲ’ ಎಂಬ ಖಾನೆಯಲ್ಲಿ ‘ಬೆಲ್ಲ ಮಾಡುವ ಕೆಲಸಗಾರ, ಮೂಡಲಗಿ’ ಎಂದು ಬರೆದೆ. ನನ್ನ ಅಪ್ಪ ಎಂದು ಬರೆಯಲಿಲ್ಲ.

ಮೇಡಂ ಕುಣಿದಾಡಿದರು. ನಲವತ್ತು ನಿಮಿಷ ಹೆಚ್ಚಾಯಿತೆಂದು ತಾವೇ ಕತ್ತರಿಸಿ, ಪಾಠದ ದಿನ ತರಗತಿಯಲ್ಲಿ ಹಾಕಿದರು. ಉಳಿದದ್ದು ಅರ್ಧ ನಿಮಿಷ: ಕೈಮುಗಿದ ಅಪ್ಪ, ‘ನಮಗೇನೂ ತಿಳಿಯದು’. ಹಲಗೆಯ ಮೇಲೆ ಪ್ರಶ್ನೆ: ‘ಇವರಿಗೆ ವಿಜ್ಞಾನ ಏನು ಕೊಡಬಲ್ಲದು?’

ಮಕ್ಕಳು ಬಣ್ಣದ ಚೀಟಿ ಅಂಟಿಸಿದರು. ಥರ್ಮಾಮೀಟರ್ ಕೊಡಬೇಕು. ಕಣ್ಣಿಗೆ ಹೊಗೆ ತಾಗದ ಕನ್ನಡಕ ಕೊಡಬೇಕು. ಒಬ್ಬ ಹುಡುಗಿ ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: ‘ಇವರ ಮಕ್ಕಳಾದರೂ ಶಾಲೆಗೆ ಹೋಗುವಂತೆ ಯಾರಾದರೂ ಸಹಾಯ ಮಾಡಬೇಕು.’ ಆ ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹಲಗೆಗೆ ಒತ್ತಿದವಳು ನಾನೇ.

ತರಗತಿ ಬಿಟ್ಟ ಮೇಲೆ, ಉಳಿದ ಭಾಗವನ್ನೂ ತೋರಿಸೋಣ ಎಂದು ಮೇಡಂಗೆ ಹೇಳಿದೆ. ‘ತಮಗೇನೂ ತಿಳಿಯದೆಂದು ಅವರೇ ಹೇಳಿದ್ದಾರೆ, ಅನುವಾದ ನಿಮ್ಮದೇ ಅಲ್ಲವೇ?’ ಎಂದರು. ಹೌದು, ನನ್ನದೇ. ಅವರು ನನ್ನ ಅಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾಯಂ ಮಾಡುವ ಪತ್ರ ಆ ವಾರವೇ ಬರುವುದಿತ್ತು. ನುಂಗಿಕೊಂಡೆ. ಪತ್ರ ಬಂತು.

ಅಪ್ಪ ಫೋನು ಮಾಡಿದ. “ಹುಡುಗರು ಏನಂದ್ರವ್ವಾ?”

“ನಿನಗ ಥರ್ಮಾಮೀಟರ್ ಕೊಡಬೇಕಂತಪಾ.”

“ಕಳಸ್ರಿ ಅನ್ನು! ದಸ್ತಗೀರಗ ಎಂಟ ದಿನದಿಂದ ಜ್ವರ.” ನಕ್ಕು ನಕ್ಕು ಕೆಮ್ಮಿದ. ಆಮೇಲೆ ಮೆಲ್ಲಗೆ ಕೇಳಿದ, “ನಾ ನಿಮ್ಮಪ್ಪ ಅಂತ ಹೇಳೀಯಿಲ್ಲೋ?”

“ಹೇಳೀನಪಾ,” ಎಂದೆ.

ಶಾಲೆಯಲ್ಲಿ ಈಗ ನಾನು ಹಳ್ಳಿಯಿಂದ ಅಪರೂಪದ ರಿಸೋರ್ಸ್ ತಂದವಳು. ಮೇಲವಂಕಿಯಲ್ಲಿ ಅಪ್ಪನನ್ನು ದೊಡ್ಡ ಶಾಲೆಯಲ್ಲಿ ತೋರಿಸಿದ ಮಗಳು. ಎರಡು ಕಡೆಯೂ ಹೊಗಳುತ್ತಾರೆ, ಎರಡು ಕಡೆಯೂ ತಲೆಯೆತ್ತಿ ನಿಲ್ಲಲಾರೆ. ಆ ಅರ್ಧ ನಿಮಿಷ ಇನ್ನೂ ಭಂಡಾರದಲ್ಲಿದೆ, ಮುಂದಿನ ವರ್ಷವೂ ಹಾಕುತ್ತಾರೆ. ಅಪ್ಪನಿಗೆ ಓದಲು ಬರುವುದಿಲ್ಲ. ಇದು ಅಚ್ಚಾದರೆ ಊರಿನಲ್ಲಿ ಯಾರಾದರೂ ಗಾಣದ ಕಡೆ ಹೋಗಿ ಅವನಿಗೆ ಓದಿ ಹೇಳುತ್ತೀರಿ, ಗೊತ್ತು. ಓದಿರಿ. ನಾನು ಸುಳ್ಳು ಹೇಳಿದ್ದನ್ನೂ ಸೇರಿಸಿ ಪೂರ್ತಿ ಓದಿರಿ, ನಡುವೆ ಎಲ್ಲೂ ಕತ್ತರಿಸಬೇಡಿ.